ಗಾಜಿನ ಗೀರಿಗೆ ಸೀರಿಯಂ ಆಕ್ಸೈಡ್ ಪುಡಿ
ಚಿಕ್ಕಮಗಳೂರಿನ ತೋಟದ ರಸ್ತೆಗಳ ಧೂಳು ವೈಪರ್ ರಬ್ಬರಿನಡಿ ಸಿಕ್ಕಿ ಕಾರಿನ ಮುಂದಿನ ಗಾಜಿನ ಮೇಲೆ ಮೂಡಿಸುವ ಬಿಲ್ಲಿನಾಕಾರದ ಗೀರುಗಳಿಗೆ ಸೀರಿಯಂ ಆಕ್ಸೈಡ್ ಪಾಲಿಶ್ ಪುಡಿಯನ್ನು ಮನೆಯಲ್ಲೇ ಬಳಸಿ ನೋಡಿದ್ದೇನೆ. ನೀರಿನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದ ಪುಡಿಯನ್ನು ಡ್ರಿಲ್‌ಗೆ ಸಿಕ್ಕಿಸಿದ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಬಟ್ಟೆ) ಪ್ಯಾಡಿನಿಂದ, ಕಡಿಮೆ ವೇಗದಲ್ಲಿ, ಒಂದೇ ಕಡೆ ನಿಲ್ಲಿಸದೆ ತಾಳ್ಮೆಯಿಂದ ಉಜ್ಜಿದಾಗ, ಉಗುರಿಗೆ ತಗುಲದಷ್ಟು ತೆಳುವಾದ ಗೀರುಗಳು ಬಹುಮಟ್ಟಿಗೆ ಮಾಯವಾದವು. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಎದುರು ಬರುವ ವಾಹನದ ಬೆಳಕು ಈಗ ಗಾಜಿನ ಮೇಲೆ ಮೊದಲಿನಂತೆ ಚದುರುವುದಿಲ್ಲ. ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ಸಾಕು ಎನ್ನುವವರಿದ್ದಾರೆ, ಆದರೆ ಅದರಿಂದ ಇಂಥ ಫಲ ಸಿಗದು. ಪ್ಯಾಡ್ ಒಣಗಿದರೆ ಗಾಜು ಕಾದು ಬಿರುಕು ಬಿಡುವ ಅಪಾಯವಿರುವುದರಿಂದ ಆಗಾಗ ನೀರು ಚಿಮುಕಿಸಲೇಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಗೀರನ್ನು ಹಟ ಹಿಡಿದು ಉಜ್ಜಿದರೆ ಗಾಜು ಆ ಜಾಗದಲ್ಲಿ ತಗ್ಗಾಗಿ, ಚಾಲಕನಿಗೆ ರಸ್ತೆಯೇ ಅಂಕುಡೊಂಕಾಗಿ ಕಾಣುತ್ತದೆ. ಅಂಥ ಗಾಜನ್ನು ಬದಲಾಯಿಸುವುದೇ ಸರಿ.