ಬಾಲಿಗೆ ಹೋಗುವವರೇ, ರಸ್ತೆ ಬದಿ ನಿಂತು ಫೋನ್ ತೆಗೆಯುವ ಮೊದಲು ಇದನ್ನು ಓದಿ

ಬಾಲಿಗೆ ಹೋಗುವ ಪ್ಲಾನ್ ಇದ್ದವರು ಸ್ವಲ್ಪ ಹೊತ್ತು ಕೊಟ್ಟು ಇದನ್ನು ಓದಿ. ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲೆ ನಮ್ಮ ಕಡೆಯವರು ಜಾಸ್ತಿಯೇ ಹೋಗುತ್ತಿದ್ದಾರೆ. ಹನಿಮೂನ್, ಫ್ಯಾಮಿಲಿ ಟ್ರಿಪ್, ಆಫೀಸ್ ಗ್ಯಾಂಗ್, ಎಲ್ಲ. ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೊಡೆದು ಬಡಿದು ದೋಚುವ ಊರು ಅದಲ್ಲ. ಆದರೆ ಪ್ರವಾಸಿಗರ ಜೇಬು ಖಾಲಿ ಮಾಡುವ ಕೆಲವು ಪಳಗಿದ ವಿದ್ಯೆಗಳು ಅಲ್ಲಿ ವರ್ಷಗಳಿಂದ ನಡೆಯುತ್ತಿವೆ. ಅವುಗಳಲ್ಲಿ ಎರಡು ನಮ್ಮ ಮೇಲೆ ಒಂದರ ಹಿಂದೆ ಒಂದು ಪ್ರಯೋಗವಾದವು. ಮೊದಲನೆಯದು ಆಗಿದ್ದರಿಂದಲೇ ಎರಡನೆಯದೂ ಆಯಿತು.

ನಾವು ಉಳಿದುಕೊಂಡಿದ್ದು ಚಂಗೂ ಕಡೆ. ಬೆರಾವಾ ರಸ್ತೆ ನೋಡಿದವರಿಗೆ ಗೊತ್ತಿರುತ್ತದೆ, ಇಕ್ಕಟ್ಟು, ಫುಟ್‌ಪಾತ್ ಅನ್ನುವುದು ಹೆಸರಿಗೆ ಮಾತ್ರ, ನಡೆಯುವವರ ಮೊಣಕೈ ಸವರಿಕೊಂಡೇ ಸ್ಕೂಟರ್‌ಗಳು ಹೋಗುತ್ತವೆ. ಊಟ ಮುಗಿಸಿ ಹೊರಗೆ ಬಂದು ಆ್ಯಪ್‌ನಲ್ಲಿ ಕಾರ್ ಬದಲು ಎರಡು ಬೈಕ್ ಬುಕ್ ಮಾಡಿದೆವು. ಆ ಟ್ರಾಫಿಕ್‌ನಲ್ಲಿ ಕಾರ್ ಹತ್ತಿದರೆ ನಡೆದುಕೊಂಡು ಹೋಗುವವರೇ ಮೊದಲು ತಲುಪುತ್ತಾರೆ. ಬಾಲಿಯ ಗಾಡಿಗಳ ನಂಬರ್ ಎಲ್ಲ ಡಿಕೆ ಅಂತ ಶುರುವಾಗುತ್ತದೆ. ಹಾಗಾಗಿ ಅದರ ಮುಂದಿನ ಅಂಕಿಗಳನ್ನು ನೋಡಿ ಹೊಂದಿಸಬೇಕು. ನಾನು ಫೋನ್ ಹಿಡಿದು ಬರುವ ಬೈಕ್‌ಗಳ ನಂಬರ್ ನೋಡುತ್ತಾ ನಿಂತಿದ್ದೆ. ಒಂದು ಬೈಕ್ ನಿಧಾನ ಮಾಡಿ ನನ್ನ ಕಡೆಗೇ ವಾಲಿಕೊಂಡು ಬಂತು. ಇದೇ ನಮ್ಮದು ಅಂದುಕೊಂಡು ನಂಬರ್ ತಾಳೆ ನೋಡಲು ಸ್ಕ್ರೀನ್ ಕಡೆ ಕಣ್ಣು ಹಾಕಿದೆ. ಹಿಂದೆ ಕೂತಿದ್ದವನ ಕೈ ಬಂದಿದ್ದು ಕಾಣಿಸಲೇ ಇಲ್ಲ. ಬೆರಳುಗಳ ನಡುವಿನಿಂದ ಫೋನ್ ಜಾರಿದ್ದು ಗೊತ್ತಾಯಿತು, ಅಷ್ಟೇ. ಕೂಗುವಷ್ಟರಲ್ಲಿ ಬೈಕ್ ಮುಂದಿನ ಗಲ್ಲಿಗೆ ತಿರುಗಿ ಆಗಿತ್ತು.

ಗಮನಿಸಿ, ಇದು ನಿರ್ಜನ ಜಾಗ ಅಲ್ಲ. ಸುತ್ತ ಕೆಫೆಗಳು, ದೀಪ, ಜನ. ಕತ್ತಲೆ ಗಲ್ಲಿಗೆ ಹೋಗಬೇಡಿ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರವಾಸಿಗರು ಎಲ್ಲಿ ಫೋನ್ ಹಿಡಿದು ನಿಲ್ಲುತ್ತಾರೋ ಅಲ್ಲೇ ಇವರೂ ಸುತ್ತುತ್ತಾರೆ. ಕುಟಾ, ಸೆಮಿನ್ಯಾಕ್, ಚಂಗೂ ಮೂರೂ ಕಡೆ ಇದೇ ಕಥೆ. ಸ್ಕೂಟರ್‌ನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಮ್ಯಾಪ್ ನೋಡುತ್ತಾ ಓಡಿಸುವವರದ್ದೂ ಹೀಗೇ ಕೀಳುತ್ತಾರೆ. ಅಡ್ಡಪಟ್ಟಿಯ ಬ್ಯಾಗ್ ಎಳೆದಾಗ ಜನ ಗಾಡಿಯಿಂದ ಬಿದ್ದು ಕೈಕಾಲು ಮುರಿದುಕೊಂಡಿದ್ದೂ ಇದೆ. ಅದಕ್ಕೆ ಹೋಲಿಸಿದರೆ ನನ್ನದು ಅಗ್ಗದಲ್ಲೇ ಮುಗಿಯಿತು.

ಬಾಲಿಯಲ್ಲೂ ನಮ್ಮ ಹಾಗೆ ಎಡಗಡೆಯ ಸಂಚಾರ. ನೀವು ರಸ್ತೆಯ ಎಡ ಅಂಚಿನಲ್ಲಿ ನಡೆದರೆ ಗಾಡಿಗಳು ಬೆನ್ನ ಹಿಂದಿನಿಂದ ಬರುತ್ತವೆ. ಬಲ ಅಂಚಿನಲ್ಲಿ ನಡೆಯಿರಿ, ಬರುವವರು ಎದುರಿಗೇ ಕಾಣುತ್ತಾರೆ. ಬ್ಯಾಗ್ ರಸ್ತೆಯ ಕಡೆಗೆ ಬೇಡ, ಗೋಡೆಯ ಕಡೆಗಿರಲಿ. ಗಾಡಿ ಬುಕ್ ಮಾಡುವುದನ್ನು ಅಂಗಡಿ ಒಳಗೆ ನಿಂತೇ ಮಾಡಿ. ನಂಬರ್ ನೆನಪಿಟ್ಟುಕೊಂಡು ಫೋನ್ ಒಳಗೆ ಹಾಕಿ ಆಮೇಲೆ ಹೊರಗೆ ಬನ್ನಿ, ನಾಲ್ಕು ಅಂಕಿ ತಾನೇ.

ಫೋನ್ ಹೋಗಿದ್ದು ಒಂದು ಕ್ಷಣದಲ್ಲಿ, ತಲೆನೋವು ಶುರುವಾಗಿದ್ದು ಆಮೇಲೆ. ಆ ಫೋನ್‌ನಲ್ಲೇ ನಮ್ಮ ಊರಿನ ಸಿಮ್ ಇತ್ತು, ರೋಮಿಂಗ್ ಹಾಕಿಸಿ ಒಟಿಪಿಗೆ ಅಂತ ಇಟ್ಟುಕೊಂಡಿದ್ದು. ಕವರ್‌ನ ಹಿಂದೆ ಫಾರೆಕ್ಸ್ ಕಾರ್ಡ್, ವಿದೇಶದಲ್ಲಿ ಖರ್ಚಿಗೆ ಅಂತ ಹಣ ತುಂಬಿಸಿಕೊಂಡಿದ್ದು. ಅಂದರೆ ಒಂದೇ ಏಟಿಗೆ ಫೋನ್, ಒಟಿಪಿ, ಕಾರ್ಡ್ ಮೂರೂ ಹೋದವು. ಪಕ್ಕದ ಬಟ್ಟೆ ಅಂಗಡಿಯ ಹೆಂಗಸು ಒಳಗೆ ಕೂರಿಸಿ, ನೀರು ಕೊಟ್ಟು, ತನ್ನ ವೈಫೈ ಹಾಕಿಕೊಟ್ಟಳು. ಆಕೆಗೆ ನಮ್ಮ ಭಾಷೆ ಬರುವುದಿಲ್ಲ, ನಮಗೆ ಆಕೆಯದ್ದು ಬರುವುದಿಲ್ಲ. ಆದರೂ ಏನಾಗಿದೆ ಅಂತ ವಿವರಿಸಬೇಕಾಗಲಿಲ್ಲ, ಜಂಬ್ರೆತ್, ಜಂಬ್ರೆತ್ ಅಂತ ತಲೆ ಆಡಿಸುತ್ತಿದ್ದಳು. ಬೈಕ್‌ನಲ್ಲಿ ಬಂದು ಕಸಿದುಕೊಂಡು ಹೋಗುವುದಕ್ಕೆ ಅಲ್ಲಿ ಹಾಗೆ ಹೇಳುತ್ತಾರೆ. ಪೊಲೀಸರ ಹತ್ತಿರ ಹೋದರೂ ಇದೊಂದು ಪದ ಸಾಕು.

ಹೆಂಡತಿಯ ಫೋನ್‌ನಿಂದ ಮೊದಲು ನನ್ನ ಫೋನನ್ನು ಲಾಸ್ಟ್ ಮೋಡ್‌ಗೆ ಹಾಕಿದೆವು, ಅಂದರೆ ದೂರದಿಂದಲೇ ಲಾಕ್ ಮಾಡಿದೆವು. ಆಮೇಲೆ ಊರಿನಲ್ಲಿರುವ ತಮ್ಮನಿಗೆ ಹೇಳಿ ಸಿಮ್ ಬ್ಲಾಕ್ ಮಾಡಿಸಿದೆವು. ಈ ಕ್ರಮ ಮುಖ್ಯ. ಫೋನ್ ಲಾಕ್ ಆಗಿದ್ದರೂ ಸಿಮ್ ತೆಗೆದು ಬೇರೆ ಫೋನ್‌ಗೆ ಹಾಕಿದರೆ ಒಟಿಪಿ ಅಲ್ಲಿಗೇ ಹೋಗುತ್ತದೆ. ಸಿಮ್‌ಗೆ ಪಿನ್ ಹಾಕಿಡುವ ಆಯ್ಕೆ ಪ್ರತಿ ಫೋನ್‌ನಲ್ಲೂ ಇದೆ, ಅದನ್ನು ಬಳಸುವವರು ಮಾತ್ರ ಕಡಿಮೆ. ಹೊರಡುವ ಮೊದಲು ಹಾಕಿಕೊಳ್ಳಿ. ಕಾರ್ಡ್ ಬ್ಲಾಕ್ ಮಾಡಿಸುವುದಂತೂ ದೊಡ್ಡ ಪ್ರಹಸನ. ರಿಜಿಸ್ಟರ್ ಆದ ನಂಬರ್‌ಗೆ ಒಟಿಪಿ ಕಳಿಸಿದ್ದೇವೆ ಹೇಳಿ ಅನ್ನುತ್ತಾರೆ, ಆ ನಂಬರೇ ಕಳವಾಗಿದೆ ಮಾರಾಯ್ರೇ ಅಂದರೆ ಹೋಲ್ಡ್‌ನಲ್ಲಿಟ್ಟು ಸಂಗೀತ ಹಾಕುತ್ತಾರೆ, ಕೊನೆಗೆ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ ಎಲ್ಲ ಒಪ್ಪಿಸಿದ ಮೇಲೆ ಬ್ಲಾಕ್ ಆಯಿತು. ಬ್ಯಾಂಕಿನ ನಂಬರ್, ಕಾರ್ಡಿನ ಕೊನೆಯ ಅಂಕಿಗಳು, ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ವಿಮೆಯ ಪಾಲಿಸಿ ನಂಬರ್, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಸೂಟ್‌ಕೇಸ್‌ನಲ್ಲಿಡಿ. ಹೌದು, ಕಾಗದದಲ್ಲೇ. ಇನ್ನೊಂದು ಬ್ಯಾಂಕಿನ ಕಾರ್ಡ್ ಹೋಟೆಲ್ ಲಾಕರ್‌ನಲ್ಲಿರಲಿ.

ಮರುದಿನ ಬೆಳಿಗ್ಗೆ ಪೊಲೀಸ್ ಠಾಣೆ. ಅಲ್ಲಿನವರು ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಮೊದಲು ಬರೆದುಕೊಟ್ಟಿದ್ದು ವಸ್ತು ಕಳೆದುಹೋಗಿದೆ ಅನ್ನುವ ಪತ್ರ. ಅದು ಬೇಗ ಸಿಗುತ್ತದೆ, ಅವರಿಗೂ ಸಲೀಸು. ವಿಮೆಯವರಿಗೆ ಬೇಕಾಗಿರುವುದು ಕಳ್ಳತನದ ವರದಿ. ಹಲವು ಪಾಲಿಸಿಗಳಲ್ಲಿ 24 ಗಂಟೆಯೊಳಗೆ ದೂರು ಕೊಟ್ಟಿರಬೇಕು ಅಂತಲೂ ಇರುತ್ತದೆ. ಅನುವಾದದ ಆ್ಯಪ್ ತೋರಿಸಿ, ಇದು ಕಳೆದುಹೋಗಿದ್ದಲ್ಲ ಕಸಿದುಕೊಂಡು ಹೋಗಿದ್ದು ಅಂತ ಪಟ್ಟು ಹಿಡಿದ ಮೇಲೆ ಬದಲಿಸಿ ಬರೆದರು. ಪಾಸ್‌ಪೋರ್ಟ್ ಕೇಳುತ್ತಾರೆ, ಒಯ್ಯಿರಿ. (ಅಷ್ಟೆಲ್ಲ ಮಾಡಿ ಪಾಲಿಸಿ ತೆಗೆದು ನೋಡಿದರೆ ಅದರಲ್ಲಿ ಮೊಬೈಲ್ ಫೋನ್ ಸೇರಿರಲಿಲ್ಲ. ನಿಮ್ಮದನ್ನು ಹೋಗುವ ಮೊದಲೇ ಓದಿಕೊಳ್ಳಿ.)

ಈಗ ಎರಡನೆಯದು. ಕಾರ್ಡ್ ಇಲ್ಲ, ಯುಪಿಐ ಇಲ್ಲ, ಕೈಯಲ್ಲಿದ್ದಿದ್ದು ಡಾಲರ್ ನೋಟುಗಳು. ಠಾಣೆಯಿಂದ ಕುಟಾ ಕಡೆ ಹೋಗುವಾಗ ಲೆಗಿಯನ್ ರಸ್ತೆಯ ಒಳಗಲ್ಲಿಯಲ್ಲಿ ಒಂದು ಬೋರ್ಡ್ ಕಂಡಿತು. ಎಲ್ಲ ಕಡೆ ಡಾಲರ್‌ಗೆ 16,100 ರುಪಿಯಾ (ಅಲ್ಲಿನ ಹಣ) ಆಸುಪಾಸು ಇದ್ದರೆ ಇಲ್ಲಿ 16,400. ಕಮಿಷನ್ ಇಲ್ಲ ಅಂತ ದಪ್ಪ ಅಕ್ಷರ. ಅಂಗಡಿ ಮುಂದೆ ಟೀಶರ್ಟ್, ಕೀಚೈನು, ಒಳಗೆ ಮೂಲೆಯಲ್ಲಿ ಎತ್ತರದ ಒಂದು ಕೌಂಟರ್. ಇಬ್ಬರು ಹುಡುಗರು.

300 ಡಾಲರ್ ಕೊಟ್ಟೆ. ಲೆಕ್ಕ ಪ್ರಕಾರ 49,20,000 ರುಪಿಯಾ ಬರಬೇಕು. 1,00,000ದ ಕೆಂಪು ನೋಟು ಇಲ್ಲ ಅಂದರು, ಎಲ್ಲ 50,000ದ ನೀಲಿ ನೋಟು. ಹತ್ತಿರ ಹತ್ತಿರ ನೂರು ನೋಟು. ಇಲ್ಲೇ ಆಟ ಶುರು. 20 ನೋಟಿಗೆ ಒಂದು ಗುಡ್ಡೆ ಮಾಡಿ ಕೌಂಟರ್ ತುಂಬ ಹರಡಿದ. ಎಣಿಸಿ ಸಾರ್ ಅಂದ. ಎಣಿಸಿದೆ, ಸರಿಯಾಗಿತ್ತು. ಹೆಂಡತಿಯೂ ಎಣಿಸಿದಳು, ಸರಿಯಾಗಿತ್ತು. ಆಗ ಇನ್ನೊಬ್ಬ, ಇಂಡಿಯಾನಾ, ಶಾರುಖ್ ಖಾನ್ ಅಂತ ಹಾಡು ಗುನುಗಿದ, ಎಲ್ಲಿ ಉಳಿದಿದ್ದೀರಿ ಅಂತ ಕೇಳಿದ. ನಾವು ಅವನ ಕಡೆ ತಿರುಗಿ ಉತ್ತರ ಕೊಡುವ ಹೊತ್ತಿಗೆ ಮೊದಲನೆಯವನು ಗುಡ್ಡೆಗಳನ್ನೆಲ್ಲ ಒಟ್ಟು ಮಾಡಿ, ಕಟ್ಟನ್ನು ನೆಟ್ಟಗೆ ಮಾಡುವವನ ಹಾಗೆ ಕೌಂಟರ್ ಅಂಚಿಗೆ ಟಕ್ ಟಕ್ ಅಂತ ತಟ್ಟಿ, ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಟ್ಟ. ಮೋಸ ಅಡಗಿರುವುದು ಆ ತಟ್ಟುವುದರಲ್ಲಿ. ಕಟ್ಟಿನ ಕೆಳಗಿನ ಭಾಗ ಹೆಬ್ಬೆರಳಿನಿಂದ ಜಾರಿ ಕೌಂಟರ್ ಹಿಂದಿನ ಡ್ರಾಯರ್‌ಗೋ ತೊಡೆಗೋ ಬೀಳುತ್ತದೆ. ಕೌಂಟರ್ ಅಷ್ಟು ಎತ್ತರ ಇರುವುದು ಅದಕ್ಕೇ. ಹೋಟೆಲ್‌ಗೆ ಬಂದು ಎಣಿಸಿದರೆ 36,20,000. ಇಪ್ಪತ್ತಾರು ನೋಟು ಮಾಯ.

ವಾಪಸ್ ಹೋದೆವು. ನೀವಿಬ್ಬರೂ ಎಣಿಸಿಕೊಂಡೇ ಹೋದಿರಲ್ಲ ಅನ್ನುವುದೇ ಉತ್ತರ. ಕೊಟ್ಟವನು ಊಟಕ್ಕೆ ಹೋಗಿದ್ದಾನಂತೆ, ಯಾವಾಗ ಬರುತ್ತಾನೋ ಗೊತ್ತಿಲ್ಲವಂತೆ. ರಸೀದಿ ಕೊಟ್ಟಿರಲಿಲ್ಲ, ಹಾಗಾಗಿ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅಂಗಡಿಯಲ್ಲೇ ಮತ್ತೆ ಎಣಿಸಿ ಹಿಡಿದರೂ ಇವರ ಹತ್ತಿರ ಎರಡನೇ ಬಾಣ ಇದೆ ಅಂತ ಆಮೇಲೆ ಗೊತ್ತಾಯಿತು. ಕಮಿಷನ್ ಕಳೆದಿದ್ದೇವೆ ಅನ್ನುತ್ತಾರೆ. ಕಡಿಮೆ ಇರುವುದನ್ನು ಸರಿಮಾಡಿ ಕೊಡುತ್ತೇನೆ ಅಂತ ಕಟ್ಟು ವಾಪಸ್ ತೆಗೆದುಕೊಂಡು, ಒಂದು ನೋಟು ಮೇಲೆ ಸೇರಿಸಿ ಕೆಳಗಿಂದ ಹತ್ತು ಇಳಿಸುವುದೂ ಇದೆ.

ಹಣ ಬದಲಾಯಿಸಲು ನಿಜವಾದ ಜಾಗ ಗುರುತಿಸುವುದು ಕಷ್ಟವಲ್ಲ. ಬ್ಯಾಂಕ್ ಇಂಡೊನೇಷ್ಯಾ ಲೈಸೆನ್ಸ್ ಕೊಟ್ಟ ಅಂಗಡಿಗಳಲ್ಲಿ ಕುಪ್ವಾ ಬೆರಿಝಿನ್ ಅಂತ ಬರೆದ ಹಸಿರು ಲಾಂಛನ ಇರುತ್ತದೆ. ಒಳಗೆ ನೋಟು ಎಣಿಸುವ ಮಿಷನ್ ಇದ್ದು, ಪ್ರಿಂಟ್ ಆದ ರಸೀದಿ ಕೊಡುತ್ತಾರೆ. ರೇಟು ಉಳಿದ ಅಂಗಡಿಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿಂದ ಹೊರಡಿ, ಸುಮ್ನೆ ಯಾರೂ ನಷ್ಟಕ್ಕೆ ಡಾಲರ್ ಕೊಳ್ಳುವುದಿಲ್ಲ. ನೀವು ಎಣಿಸಿದ್ದೇ ಕೊನೆಯ ಎಣಿಕೆಯಾಗಿರಬೇಕು. ಎಣಿಸಿದ ಮೇಲೆ ನೋಟನ್ನು ಬೇರೆ ಯಾರೂ ಮುಟ್ಟಬಾರದು, ಮುಟ್ಟಿದರೆ ಮತ್ತೆ ಮೊದಲಿನಿಂದ ಎಣಿಸಿ. ಡಾಲರ್ ನೋಟು ಹೊಸದಾಗಿರಲಿ. ಮಡಚಿದ್ದು, ಪೆನ್ನಿನ ಗೀಟು ಬಿದ್ದಿದ್ದನ್ನು ಒಳ್ಳೆಯ ಅಂಗಡಿಗಳು ತಿರಸ್ಕರಿಸುತ್ತವೆ. ಆಗ ಜನ ಗಲ್ಲಿ ಅಂಗಡಿಯ ಕಡೆಗೇ ಹೋಗುವ ಹಾಗಾಗುತ್ತದೆ.

ಎಟಿಎಂ ಆದರೆ ಬ್ಯಾಂಕಿನ ಶಾಖೆಯ ಒಳಗಿರುವುದನ್ನೇ ಹುಡುಕಿ. ಕಾರ್ಡ್ ನಕಲು ಮಾಡುವ ಯಂತ್ರ ಅಂಟಿಸಿ ಸಿಕ್ಕಿಬಿದ್ದ ವಿದೇಶಿ ಗ್ಯಾಂಗ್‌ಗಳೇ ಬಾಲಿಯಲ್ಲಿವೆ. ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಇಡಿ. ಅಲ್ಲಿನ ಹಲವು ಮಿಷನ್‌ಗಳಲ್ಲಿ ಹಣ ಮೊದಲು ಬರುತ್ತದೆ, ಕಾರ್ಡ್ ಆಮೇಲೆ. ಹಣ ತೆಗೆದುಕೊಂಡು ಕಾರ್ಡ್ ಬಿಟ್ಟುಬರುವವರು ತುಂಬಾ ಜನ.

ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ. ಬಾರ್‌ಗಳ ಬೀದಿಯಲ್ಲಿ ರಾತ್ರಿ ಯಾರಾದರೂ ಪಕ್ಕ ಬಂದು ಗಾಂಜಾ, ನಶೆಯ ಅಣಬೆ ಅಂತ ಪಿಸುಗುಟ್ಟಿದರೆ ಉತ್ತರ ಕೂಡ ಕೊಡಬೇಡಿ, ನಡೆಯುತ್ತಿರಿ. ಇಂಡೊನೇಷ್ಯಾದಲ್ಲಿ ಡ್ರಗ್ಸ್ ಸಾಗಣೆಗೆ ಮರಣದಂಡನೆ ಇದೆ. 2005ರಲ್ಲಿ ಬಾಲಿಯಲ್ಲಿ ಹೆರಾಯಿನ್ ಜೊತೆ ಸಿಕ್ಕಿಬಿದ್ದ ಒಂಬತ್ತು ಆಸ್ಟ್ರೇಲಿಯನ್ನರಲ್ಲಿ ಇಬ್ಬರನ್ನು 2015ರಲ್ಲಿ ಗುಂಡಿಟ್ಟು ಕೊಂದರು, ಅವರ ಸರ್ಕಾರ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಅಗ್ಗದ ಕಾಕ್‌ಟೇಲ್, ಲೇಬಲ್ ಇಲ್ಲದ ಅರಕ್ (ಅಲ್ಲಿನ ನಾಡ ಸಾರಾಯಿ) ಬೇಡ. 2009ರಲ್ಲಿ ಮೆಥನಾಲ್ ಅನ್ನುವ ವಿಷ ಬೆರೆತ ಅರಕ್ ಕುಡಿದು ಬಾಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಅವರಲ್ಲಿ ಪ್ರವಾಸಿಗರೂ ಇದ್ದರು. ಕುಡಿದ ಮರುದಿನ ಕಣ್ಣು ಮಂಜಾದರೆ ಹ್ಯಾಂಗೋವರ್ ಅಂತ ಮಲಗಬೇಡಿ, ಆಸ್ಪತ್ರೆಗೆ ಓಡಿ.

ಸ್ಕೂಟರ್ ಬಾಡಿಗೆಗೆ ಯಾರು ಬೇಕಾದರೂ ಕೊಡುತ್ತಾರೆ, ಲೈಸೆನ್ಸ್ ಕೇಳುವುದೇ ಇಲ್ಲ. ಕೇಳುವುದು ಪೊಲೀಸ್ ಮತ್ತು ವಿಮೆ ಕಂಪನಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ನಲ್ಲಿ ದ್ವಿಚಕ್ರ ವಾಹನಕ್ಕೂ ಅನುಮತಿ ಇರಬೇಕು, ಇಲ್ಲದಿದ್ದರೆ ಬಿದ್ದಾಗ ಆಸ್ಪತ್ರೆ ಬಿಲ್ ಪೂರ್ತಿ ನಿಮ್ಮದೇ. ಗಾಡಿ ತೆಗೆದುಕೊಳ್ಳುವಾಗ ಇರುವ ಗೀರುಗಳ ವಿಡಿಯೊ ಮಾಡಿ. ಪಾಸ್‌ಪೋರ್ಟ್ ಒತ್ತೆ ಇಡಿ ಅಂದರೆ ಬೇರೆ ಅಂಗಡಿ ನೋಡಿ.

ಉಲುವಾಟು ದೇವಸ್ಥಾನದ ಕೋತಿಗಳನ್ನೂ ಈ ಪಟ್ಟಿಗೆ ಸೇರಿಸಬೇಕು. ಕನ್ನಡಕ, ಫೋನ್ ಕಿತ್ತುಕೊಂಡು, ತಿಂಡಿ ಕೊಟ್ಟರೆ ಮಾತ್ರ ಬಿಡುತ್ತವೆ. ಬೆಲೆಬಾಳುವ ವಸ್ತು ಕದ್ದರೆ ಒಳ್ಳೆ ತಿಂಡಿ ಸಿಗುತ್ತದೆ ಅಂತ ಅವು ಕಲಿತಿರುವುದರ ಬಗ್ಗೆ 2021ರಲ್ಲಿ ಸಂಶೋಧನಾ ಪ್ರಬಂಧವೇ ಬಂದಿದೆ. ನಗು ಬರುತ್ತದೆ, ಆದರೆ ಕಚ್ಚಿದರೆ ನಗುವ ವಿಷಯವಲ್ಲ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ನಾಯಿಯೋ ಕೋತಿಯೋ ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಿಕೊಳ್ಳಿ.

ತುರ್ತಿಗೆ ಪೊಲೀಸ್ 110, ಸಾಮಾನ್ಯ ತುರ್ತು ಸಂಖ್ಯೆ 112. ಪಾಸ್‌ಪೋರ್ಟ್ ಹೋದರೆ ಜಕಾರ್ತಾಕ್ಕೆ ಓಡಬೇಕಿಲ್ಲ, ಡೆನ್‌ಪಸಾರ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ.

ಊರಿಗೆ ಬಂದು ಹೊಸ ಸಿಮ್ ಹಾಕಿಸಿಕೊಂಡ ಮೇಲೂ ಆ ಫೋನ್‌ನ ಕಥೆ ಮುಗಿದಿಲ್ಲ. ನಿಮ್ಮ ಫೋನ್ ಪತ್ತೆಯಾಗಿದೆ, ಎಲ್ಲಿದೆ ಅಂತ ನೋಡಲು ಈ ಲಿಂಕ್ ಒತ್ತಿ ಅಂತ, ಥೇಟ್ ಕಂಪನಿಯಿಂದಲೇ ಬಂದ ಹಾಗೆ ಮೆಸೇಜ್ ಬರುತ್ತಿದೆ. ಒತ್ತಿದರೆ ಪಾಸ್‌ವರ್ಡ್ ಕೇಳುವ ನಕಲಿ ಪುಟ. ಕದ್ದ ಫೋನ್ ಲಾಕ್ ಆಗಿರುವವರೆಗೆ ಅವರಿಗೆ ಬಿಡಿಭಾಗದ ಬೆಲೆ ಮಾತ್ರ, ಪಾಸ್‌ವರ್ಡ್ ಸಿಕ್ಕರೆ ಪೂರ್ತಿ ಬೆಲೆ. ನಿಮಗೂ ಹೀಗೆ ಬಂದರೆ ಲಿಂಕ್ ಮುಟ್ಟಬೇಡಿ. ಹೇಗೂ ಹೋಯಿತಲ್ಲ ಅಂತ ಆ ಫೋನನ್ನು ನಿಮ್ಮ ಅಕೌಂಟ್‌ನಿಂದ ತೆಗೆದುಹಾಕಲೂ ಬೇಡಿ, ತೆಗೆದರೆ ಲಾಕ್ ತಾನಾಗಿಯೇ ಬಿಟ್ಟುಹೋಗುತ್ತದೆ.