ಬಾಖ್‌ಗೆ ನೀಲಿ ಪುಸ್ತಕವೇ ಸರಿ: ಕೊಂಡ ಸ್ವರಲಿಪಿ, ಪ್ರಿಂಟ್ ಹಾಕಿಸಿದ ಸ್ವರಲಿಪಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಜರ್ಮನಿಯ ಹೆನ್ಲೆ ಪ್ರಕಾಶನದ, ನೀಲಿ ಹೊದಿಕೆಯ ಸ್ವರಲಿಪಿ ಪುಸ್ತಕಕ್ಕೆ. ಕಳೆದ ವರ್ಷ ಇದೇ ನಾನು ಮಗಳ ವಯಲಿನ್ ಮಿಸ್ ಹತ್ತಿರ, ‘1750ರಲ್ಲಿ ತೀರಿಹೋದ ಬಾಖ್‌ನ ಸಂಗೀತಕ್ಕೆ ಈಗ ಎರಡು ಸಾವಿರ ಚಿಲ್ಲರೆ ಯಾಕೆ ಕೊಡಬೇಕು? ನೆಟ್‌ನಲ್ಲಿ ಪುಕ್ಕಟೆ ಇದೆಯಲ್ಲ’ ಅಂತ ವಾದ ಮಾಡಿದ್ದೆ. ಅವರು ನಕ್ಕು, ‘ನೋಡಿ, ನಿಮ್ಮಿಷ್ಟ’ ಅಂದರು. ಆ ನಗುವಿನ ಅರ್ಥ ತಿಳಿಯಲು ಮೂರು ತಿಂಗಳು ಹಿಡಿಯಿತು.

ಮಗಳಿಗೆ ಹದಿಮೂರು. ಕೊಟ್ಟಿದ್ದ ಪಾಠ ಬಾಖ್‌ನ ಎ ಮೈನರ್ ಕಾನ್ಸರ್ಟೊ (ವಯಲಿನ್ ಮುಂದೆ, ಆರ್ಕೆಸ್ಟ್ರಾ ಜೊತೆಗೆ; ನಮ್ಮಲ್ಲಿ ಆರ್ಕೆಸ್ಟ್ರಾ ಬದಲು ಪಿಯಾನೊ). ಬಾಖ್ ಕೃತಿಗಳ ಪಟ್ಟಿಯಲ್ಲಿ ಅದರ ನಂಬರ್ ಬಿಡಬ್ಲ್ಯುವಿ 1041. ಪಿಡಿಎಫ್ ಇಳಿಸಿಕೊಂಡು ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ವಯಲಿನ್ ಪಾರ್ಟ್, ಅಂದರೆ ವಯಲಿನ್ ನುಡಿಸುವವರಿಗೆ ಬೇಕಾದಷ್ಟೇ ಇರುವ ಪುಟಗಳು. ಅದರ ಮೊದಲ ಪುಟದಲ್ಲಿ ಬರೀ ಹೆಸರು. ಸಂಗೀತ ಶುರುವಾಗುವುದು ಎರಡನೇ ಪುಟದಿಂದ. ಅಂಗಡಿ ಹುಡುಗ ನೋಡಿ, ‘ಮೇಡಂ, ಈ ಪೇಜ್‌ನಲ್ಲಿ ಏನೂ ಇಲ್ಲ, ಸುಮ್ನೆ ಯಾಕೆ ದುಡ್ಡು?’ ಅಂದ. ಎಷ್ಟು ಒಳ್ಳೆ ಹುಡುಗ ಅನ್ನಿಸಿತು. ಎರಡು ರೂಪಾಯಿ ಉಳಿಯಿತು.

ಆ ಎರಡು ರೂಪಾಯಿಯಲ್ಲೇ ಎಲ್ಲ ಕೆಟ್ಟಿದ್ದು. ಹೆಸರಿನ ಪುಟ ಇದ್ದಿದ್ದರೆ 2 ಮತ್ತು 3ನೇ ಪುಟ ಎದುರುಬದುರು ಬಿದ್ದು, ಕಾನ್ಸರ್ಟೊದ ಮೊದಲ ಭಾಗ, ಅಂದರೆ ಮೂವ್‌ಮೆಂಟ್, ಇಡೀ ಒಂದೇ ನೋಟಕ್ಕೆ ಸಿಗುತ್ತಿತ್ತು. ಅದು ಹೋದಮೇಲೆ 2ನೇ ಪುಟ ಹಾಳೆಯ ಮುಂದೆ, 3ನೇದು ಅದೇ ಹಾಳೆಯ ಬೆನ್ನಿಗೆ. ಹದಿನಾರರ ಸಣ್ಣ ಸ್ವರಗಳು ಸರಸರ ಓಡುವ ನಡುವೆಯೇ ಪುಟ ಮುಗಿಯುತ್ತದೆ. ಎಡಗೈ ತಂತಿಯ ಮೇಲೆ, ಬಲಗೈಯಲ್ಲಿ ಕಮಾನು, ತಿರುಗಿಸುವುದು ಯಾವ ಕೈಯಲ್ಲಿ? ಪುಟ ಎಲ್ಲಿ ಮುಗಿಯಬೇಕು ಅನ್ನುವುದು ಅಚ್ಚು ಹಾಕುವವರ ದೊಡ್ಡ ಕಸುಬು. ಆದಷ್ಟೂ ವಿರಾಮದ ಜಾಗಕ್ಕೆ ಪುಟದ ಕೊನೆ ತರುತ್ತಾರೆ; ಆಗದಿದ್ದರೆ ಕೆಳಗೆ ‘ವಿ.ಎಸ್.’ ಅಂತ ಹಾಕುತ್ತಾರೆ. ವೋಲ್ಟಿ ಸುಬಿಟೊ, ಅಂದರೆ ‘ಬೇಗ ತಿರುಗಿಸು’. ಅವರು ಕೂತು ಮಾಡಿದ ಲೆಕ್ಕವನ್ನು ನಾನು ನಿಂತ ಕಾಲಲ್ಲಿ ಕೆಡಿಸಿದ್ದೆ.

ಮನೆಯಲ್ಲಿ ಇದು ಗೊತ್ತೇ ಆಗಲಿಲ್ಲ. ಅಭ್ಯಾಸದಲ್ಲಿ ಅವಳು ನಿಲ್ಲಿಸಿ, ತಿರುಗಿಸಿ, ಮುಂದುವರಿಸುತ್ತಿದ್ದಳು. ಕಾರ್ಯಕ್ರಮದ ದಿನ ಪಿಯಾನೊ ನಿಲ್ಲುವುದಿಲ್ಲವಲ್ಲ! ಕಮಾನು ಹಿಡಿದ ಕೈಯಲ್ಲೇ ಹಾಳೆ ಎಳೆದಳು, ಎರಡು ಹಾಳೆ ಒಟ್ಟಿಗೆ ಬಂದವು, ಕಣ್ಣೆದುರು ಮುಂದಿನ ಮೂವ್‌ಮೆಂಟ್, ನಿಧಾನದ ಆಂದಾಂತೆ. ಪಿಯಾನೊ ಅಂಕಲ್ ಚರ್ಚ್‌ನಲ್ಲಿ ವರ್ಷಗಟ್ಟಲೆ ನುಡಿಸಿದವರು; ಅವಳು ಪುಟ ಹುಡುಕುವವರೆಗೂ ಎಡಗೈಯ ಅದೇ ಎರಡು ಬಾರನ್ನು (ತಾಳದ ಕಟ್ಟನ್ನು) ತಿರುಗಿಸಿ ತಿರುಗಿಸಿ ನುಡಿಸುತ್ತಾ ಕಾದರು. ಸಭೆಯಲ್ಲಿ ಅರ್ಧ ಜನಕ್ಕೆ ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು. ಮನೆಗೆ ಬಂದು ಮೊಸರನ್ನ ತಿಂದು, ಒಂದು ಮಾತೂ ಆಡದೆ ಮಲಗಿದಳು. ನಮ್ಮತ್ತೆ ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರು. ‘ಬಾಯಿಪಾಠ ಮಾಡಿಸಿದ್ರೆ ಈ ಹಾಳೆ ರಾಮಾಯಣವೇ ಇರ್ತಿರ್ಲಿಲ್ಲ’ ಅಂದರು. ಅದೂ ನಿಜವೇ.

ರಿಪೇರಿ ಮಾಡಲು ಹೋದೆ. ಒಂದೇ ಮಗ್ಗುಲಿಗೆ ಪ್ರಿಂಟ್ ಹಾಕಿಸಿ ಮೂರು ಎ4 ಹಾಳೆಗಳನ್ನು ಟೇಪ್‌ನಿಂದ ಅಂಟಿಸಿದರೆ 63 ಸೆಂಟಿಮೀಟರ್ ಅಗಲ. ಸ್ಟ್ಯಾಂಡಿನ ಎರಡೂ ಕಡೆ ಕಿವಿಯ ಹಾಗೆ ಜೋತುಬೀಳುತ್ತದೆ. ಫ್ಯಾನ್ ಹಾಕಿದರೆ ಹಾರುತ್ತದೆ, ಆರಿಸಿದರೆ ಬೆವರು. ಬಟ್ಟೆ ಕ್ಲಿಪ್ ಹಾಕಿದೆವು. ಕ್ಲಿಪ್ ಮೇಲಿನ ಸಾಲನ್ನು ಮುಚ್ಚಿತು.

ಅಕ್ಷರದ ಗಾತ್ರದ ತೊಂದರೆಯೂ ಇದೆ. ಹೆನ್ಲೆ ಪುಸ್ತಕ 23.5 x 31 ಸೆಂಟಿಮೀಟರ್. ಎ4 ಹಾಳೆ 21 x 29.7. ದೊಡ್ಡ ಪುಟವನ್ನು ಎ4ಗೆ ತುರುಕಿ, ಸುತ್ತ ಪ್ರಿಂಟರ್ ಬಿಡುವ ಬಿಳಿ ಅಂಚನ್ನೂ ಸೇರಿಸಿದರೆ, ಗೆರೆಗಳ ಮೇಲೆ ಹತ್ತಿ ಕೂತ ಎತ್ತರದ ಸ್ವರಗಳು ಇರುವೆ ಸಾಲು. ಮಿಸ್‌ಗೆ ಅಂತ ತೆಗೆಸಿದ ಇನ್ನೊಂದು ಪ್ರತಿಯದು ಇನ್ನೊಂದು ಕಥೆ. ಜೆರಾಕ್ಸ್ ಗಾಜಿನ ಮೇಲಿದ್ದ ಕೊಳೆ ಒಂದು ಸ್ವರದ ತಲೆಯ ಮೇಲೆ ಚುಕ್ಕೆಯಾಗಿ ಕೂತಿತ್ತು. ಪ್ರತಿಗಳು ಅದಲುಬದಲಾಗಿ, ಮಗಳು ಎರಡು ವಾರ ಆ ಸ್ವರವನ್ನು ಸ್ಟಕಾಟೊ ಅಂದುಕೊಂಡು ಕತ್ತರಿಸಿ ಕತ್ತರಿಸಿ ನುಡಿಸಿದಳು. ಕೊನೆಗೆ ಮಿಸ್ ಉಗುರಲ್ಲಿ ಕೆರೆದು ನೋಡಿ, ಪ್ರತಿ ಪುಟದಲ್ಲೂ ಅದೇ ಜಾಗದಲ್ಲಿ ಚುಕ್ಕೆ ಇರುವುದನ್ನು ತೋರಿಸಿದರು.

ಪಿಯಾನೊ ಅಂಕಲ್ ಹತ್ತಿರ ಇದ್ದದ್ದು ಬೇರೆ ಮುದ್ರಣ. ಅದರಲ್ಲಿ ಎ, ಬಿ, ಸಿ ಗುರುತು, ನಮ್ಮದರಲ್ಲಿ ಬಾರ್ ನಂಬರ್. ‘ಬಿ ಇಂದ’ ಅಂದಾಗಲೆಲ್ಲ ಇಬ್ಬರೂ ಬೆರಳಿಟ್ಟು ಎಣಿಸಬೇಕು.

ಹೆನ್ಲೆ ತಂದಮೇಲೆ ಇದೆಲ್ಲ ನಿಂತಿತು. ಪಿಯಾನೊ ಪುಸ್ತಕ, ವಯಲಿನ್ ಪಾರ್ಟ್ ಒಂದೇ ಕವಚದಲ್ಲಿ, ಒಂದೇ ಬಾರ್ ನಂಬರಿನಲ್ಲಿ. ಅವರು ಹೆಚ್ಚಾಗಿ ವಯಲಿನ್ ಪಾರ್ಟನ್ನು ಎರಡು ಕೊಡುತ್ತಾರೆ: ಒಂದರಲ್ಲಿ ಬೆರಳಿನ ಸಂಖ್ಯೆ, ಕಮಾನಿನ ಗುರುತು, ಇನ್ನೊಂದು ಖಾಲಿ. ಖಾಲಿಯಲ್ಲಿ ನಮ್ಮ ಮಿಸ್ ಪೆನ್ಸಿಲ್ ಆಡಿಸುತ್ತಾರೆ. ಹಳೇ ಮುದ್ರಣಗಳಲ್ಲಿ ಸಂಪಾದಕರು ತಮಗೆ ತೋಚಿದ ದನಿಯ ಏರಿಳಿತ, ಸ್ವರ ಕೂಡಿಸುವ ಸ್ಲರ್ ಗೆರೆ ಎಲ್ಲವನ್ನೂ ಬಾಖ್‌ನೇ ಬರೆದ ಹಾಗೆ ಬೆರೆಸಿಬಿಡುತ್ತಿದ್ದರು. ಈ ಕಾನ್ಸರ್ಟೊದ ಹಳೆಯ ಕೈಬರಹದ ಪಾರ್ಟುಗಳು ಉಳಿದಿವೆ, ಒಂದಷ್ಟು ಬಾಖ್‌ನ ಕೈಯಲ್ಲೇ. ಹೆನ್ಲೆಯಂಥ ‘ಉರ್‌ಟೆಕ್ಸ್ಟ್’ (ಮೂಲಪಾಠ) ಅನ್ನುವವರು ಅಂಥ ಮೂಲಗಳನ್ನು ಹಿಡಿದು ಹೋಗುತ್ತಾರೆ, ತಮ್ಮದನ್ನು ಬೇರೆಯಾಗಿ ತೋರಿಸುತ್ತಾರೆ. ಬೇರೆನ್‌ರೈಟರ್ ಪ್ರಕಾಶನದ್ದು ಕೂಡ ಇಷ್ಟೇ ಒಳ್ಳೆಯದು. ಅವತ್ತು ಸಿಕ್ಕಿದ್ದು ಹೆನ್ಲೆ, ಅಷ್ಟೇ.

ಕೊಳ್ಳುವಾಗಲೂ ಒಮ್ಮೆ ಎಡವಿದ್ದೆ. ಅಗ್ಗ ಅಂತ ಮೊದಲು ತರಿಸಿದ್ದು ‘ಸ್ಟಡಿ ಸ್ಕೋರ್’, ಕೈಯಗಲದ್ದು, ಇಡೀ ಆರ್ಕೆಸ್ಟ್ರಾ ಸಣ್ಣಕ್ಷರದಲ್ಲಿ. ಓದಲು ಚೆನ್ನ, ನುಡಿಸಲು ಬಾರದು. ಹೆಸರಿನ ಮುಂದೆ ‘ಪಿಯಾನೊ ರಿಡಕ್ಷನ್’ (ಆರ್ಕೆಸ್ಟ್ರಾದ್ದನ್ನು ಪಿಯಾನೊಗೆ ಇಳಿಸಿದ್ದು) ಅಂತ ಇದೆಯಾ ನೋಡಿ.

ಟ್ಯಾಬ್ಲೆಟ್: ಪಾಠಕ್ಕೆ ಸರಿ. ಹತ್ತಿಂಚಿನಲ್ಲಿ ಪಿಯಾನೊ ಪುಟ ಅಂಕಲ್ ಕನ್ನಡಕಕ್ಕೆ ನಿಲುಕಲಿಲ್ಲ.

ಹಾಗಂತ ಪಿಡಿಎಫ್ ಬಿಟ್ಟಿಲ್ಲ. ಚಿಕ್ಕ ಮಕ್ಕಳ ಪೀಸುಗಳಿಗೆ, ಆಸ್ಕರ್ ರೀಡಿಂಗ್ ಅನ್ನುವವರ ಬಿ ಮೈನರ್ ಕಾನ್ಸರ್ಟೊದಂಥ ಕಲಿಕೆಯ ಕಾನ್ಸರ್ಟೊಗಳಿಗೆ ಅದೇ ಸಾಕು. ಆರು ತಿಂಗಳಲ್ಲಿ ಮುಗಿದು ಮೂಲೆ ಸೇರುವುದಕ್ಕೆ ಎರಡು ಸಾವಿರ ಯಾಕೆ? ವಯಲಿನ್ ಕಲಿಸುವ ಸುಜುಕಿ ಪುಸ್ತಕಗಳು ಮಾತ್ರ ಕೊಳ್ಳಲೇಬೇಕು, ಕಾಪಿರೈಟ್ ಹಕ್ಕು ಇನ್ನೂ ಇದೆ. ಪಿಯಾನೊ ಪುಸ್ತಕ ಬೇರೆಯೇ ಮಾರುತ್ತಾರೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಮ್ಮ ಕಾನೂನಿನಲ್ಲಿ ಸಂಗೀತಗಾರ ತೀರಿಕೊಂಡು 60 ವರ್ಷ ಕಳೆದ ಮೇಲೆ ಬಿಡುಗಡೆ. 1962ರಲ್ಲಿ ಹೋದ ವಯಲಿನ್ ವಾದಕ ಕ್ರೈಸ್ಲರ್ 2023ರಿಂದ ಎಲ್ಲರ ಸ್ವತ್ತು. 1987ರಲ್ಲಿ ಹೋದ ರಷ್ಯದ ಸಂಗೀತಗಾರ ಕಬಲೆವ್ಸ್ಕಿಗೆ ಇನ್ನೂ ಬಹಳ ಕಾಲ ಇದೆ.

ಪಿಡಿಎಫ್‌ಗೆ ನಾನು ಕೈಮುಗಿದದ್ದು ರಷ್ಯದ ಸಂಗೀತಗಾರ ಮೆಡ್‌ನರ್ ವಿಷಯದಲ್ಲಿ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ದುಡ್ಡು ಕೊಟ್ಟು ಲಂಡನ್ನಿನಲ್ಲಿ ಧ್ವನಿಮುದ್ರಣ ಮಾಡಿಸಿದ್ದು ಇವರ ಸಂಗೀತವನ್ನೇ; ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮೆಡ್‌ನರ್ ಅರ್ಪಿಸಿದ್ದು ಮಹಾರಾಜರಿಗೆ. ವಯಲಿನ್-ಪಿಯಾನೊಗೆ ಇವರು ಬರೆದ ಮೂರು ನಾಕ್ಟರ್ನ್‌ಗಳಿವೆ, ಓಪಸ್ 16. ನಾನು ಕೇಳಿದ ಒಂದು ಅಂಗಡಿಯಲ್ಲೂ ಸಿಗಲಿಲ್ಲ. ಪೆಟ್ರೂಚಿ ಆನ್‌ಲೈನ್ ಭಂಡಾರದಲ್ಲಿ ನಿಮಿಷದಲ್ಲಿ ಸಿಕ್ಕಿತು. ಎ3 ಹಾಳೆಯಲ್ಲಿ, ಹೆಸರಿನ ಪುಟದ ಸಮೇತ, ಪ್ರಿಂಟ್ ಹಾಕಿಸಿದೆ. ಹುಡುಗ ಮತ್ತೆ ‘ಮೇಡಂ, ಈ ಪೇಜ್...’ ಅಂದ. ‘ಹಾಕಪ್ಪ’ ಅಂದೆ.

ಒಂದೇ ಸಂಬಳದ ಮನೆ ನಮ್ಮದು. ವರ್ಷಕ್ಕೆ ಒಂದು ದೊಡ್ಡ ಪುಸ್ತಕ, ಮಿಕ್ಕಿದ್ದು ಪ್ರಿಂಟ್. ಮುಂದಿನದು ಮೊಜಾರ್ಟ್‌ನ ಜಿ ಮೇಜರ್ ಕಾನ್ಸರ್ಟೊ, ಕೆ. 216 (ಇದೂ ಪಟ್ಟಿಯ ನಂಬರೇ). ವಯಲಿನ್ ಕಾನ್ಸರ್ಟೊಗಳಿಗೆ ಮೊಜಾರ್ಟ್ ಬರೆದ ಕೆಡೆಂಜಾ (ಆರ್ಕೆಸ್ಟ್ರಾ ನಿಂತು ವಯಲಿನ್ ಒಂದೇ ನುಡಿಯುವ ಜಾಗ) ಉಳಿದಿಲ್ಲವಂತೆ, ‘ಪುಸ್ತಕದಲ್ಲಿ ಯಾರದ್ದಾದರೂ ಸೇರಿಸಿದ್ದಾರಾ, ಕೇಳಿಕೊಂಡು ತನ್ನಿ’ ಅಂದಿದ್ದಾರೆ ಮಿಸ್. ಅಂಗಡಿಗೆ ಫೋನ್ ಮಾಡಿದ್ದೆ. ತೆಗೆದು ನೋಡಿ ಹೇಳುತ್ತೇವೆ ಅಂದರು.