ಹಳೆ ಸ್ವಿಫ್ಟ್‌ಗೆ ಲೋಯರ್ ಆರ್ಮ್ ಬುಶ್: ಕಂಪನಿ ರಬ್ಬರ್, ಅಗ್ಗದ ರಬ್ಬರ್, ಪಾಲಿಯುರೇಥೇನ್ ಮೂರನ್ನೂ ದಾವಣಗೆರೆ ಸುತ್ತ ಓಡಿಸಿದ ಮೇಲೆ

ಲೋಯರ್ ಆರ್ಮ್ ಎಂದರೆ ಮುಂದಿನ ಚಕ್ರವನ್ನು ಗಾಡಿಯ ಫ್ರೇಮಿಗೆ ಜೋಡಿಸುವ ಕೆಳಗಿನ ಲೋಹದ ತೋಳು. ಅದು ಫ್ರೇಮಿಗೆ ಸೇರುವಲ್ಲಿ ಕೂರುವುದು ಬುಶ್: ಹೊರಗೆ ಕವಚ, ಒಳಗೆ ಕೊಳವೆ, ನಡುವೆ ರಬ್ಬರ್ ಅಥವಾ ಅದಕ್ಕಿಂತ ಗಡಸಾದ ಪಾಲಿಯುರೇಥೇನ್. ಗಾಡಿ ಮೊದಲ ತಲೆಮಾರಿನ ಮಾರುತಿ ಸ್ವಿಫ್ಟ್ ಡೀಸೆಲ್. 2005ರಲ್ಲಿ ಬಂದ ಸ್ವಿಫ್ಟ್‌ಗೆ 2007ರಲ್ಲಿ 1.3 ಲೀಟರ್ ಡೀಸೆಲ್ ಎಂಜಿನ್ ಸೇರಿತು, 2011ರಲ್ಲಿ ಹೊಸ ರೂಪ ಬಂತು. ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ಭಾರ, ಆ ಹೆಚ್ಚುವರಿ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಓಡಾಟ ಪಿ.ಬಿ. ರಸ್ತೆಯ ಹಂಪುಗಳು, ಹರಿಹರ ಕಡೆಯ ಸರ್ವಿಸ್ ರಸ್ತೆ, ಚಿತ್ರದುರ್ಗದವರೆಗೆ ಹೆದ್ದಾರಿ 48, ಆಗಾಗ ಜಗಳೂರು, ಹೊಳಲ್ಕೆರೆ ಕಡೆಯ ಒಳದಾರಿಗಳು.

ತೀರ್ಪು ಮೊದಲೇ ಹೇಳುತ್ತೇನೆ. ಈ ಕಡೆಯ ರಸ್ತೆಗೆ, ಮನೆಯವರೆಲ್ಲ ಕೂರುವ ಗಾಡಿಗೆ, ಕಂಪನಿಯ ರಬ್ಬರ್ ಬುಶ್ಶೇ ಸರಿ. ಆದರೆ ಬುಶ್ ಎಷ್ಟು ದಿನ ಬಾಳುತ್ತದೆ ಎಂಬುದನ್ನು ನಿರ್ಧರಿಸುವುದು ಬ್ರ್ಯಾಂಡ್‌ಗಿಂತ ಹೆಚ್ಚಾಗಿ ಅದನ್ನು ಕೂರಿಸಿದ ರೀತಿ. ಒಳ್ಳೆಯ ಬುಶ್ ತಪ್ಪಾಗಿ ಬಿಗಿದರೆ ಒಂದೇ ಮಳೆಗಾಲದಲ್ಲಿ ಹರಿಯುತ್ತದೆ. ಹಾಗಾಗಿ ಈ ಬರಹದಲ್ಲಿ ವಸ್ತುವಿನ ಗುಣಕ್ಕಿಂತ ಕೂರಿಸುವ ಕೆಲಸದ ಮಾತೇ ಹೆಚ್ಚು.

ಬುಶ್ ಹೋಗಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮುಂದಿನಿಂದ ಬರುವ ಟಕ್ ಟಕ್ ಸದ್ದಿಗೆಲ್ಲ ಲೋಯರ್ ಆರ್ಮ್ ಕಾರಣವಲ್ಲ. ಸಣ್ಣ ಸಣ್ಣ ಗುಂಡಿಗಳಲ್ಲಿ ನಿಧಾನ ಹೋಗುವಾಗ ಕಟಕಟ ಎಂದರೆ ಬಹುತೇಕ ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಿನ ತುದಿಯ ಸಣ್ಣ ಕಡ್ಡಿ). ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸದ್ದು ಬಂದರೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ಮೇಲಿನ ಮೌಂಟ್ ನೋಡಿ. ಲೋಯರ್ ಆರ್ಮ್ ಬುಶ್ ಹೋದರೆ ಲಕ್ಷಣ ಬೇರೆ: ಬ್ರೇಕ್ ಒತ್ತಿದ ಕ್ಷಣ ಗಾಡಿ ಒಂದು ಬದಿಗೆ ಎಳೆಯುತ್ತದೆ, ಕ್ಲಚ್ ಬಿಟ್ಟು ಮುಂದಕ್ಕೆ ಸಾಗುವಾಗ ಒಂದೇ ಒಂದು ದಪ್ಪ 'ಧಡ್' ಕೇಳುತ್ತದೆ, ಹೆದ್ದಾರಿಯಲ್ಲಿ ಸ್ಟೀರಿಂಗನ್ನು ಸದಾ ತಿದ್ದುತ್ತಿರಬೇಕಾಗುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಗಾಡಿ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಉದ್ದನೆಯ ಹಾರೆಯಂಥ ಕಬ್ಬಿಣವನ್ನು ಆರ್ಮ್ ಮತ್ತು ಫ್ರೇಮಿನ ನಡುವೆ ಇಟ್ಟು ಮೀಟಿ ನೋಡಿ. ರಬ್ಬರ್ ಸ್ವಲ್ಪ ಬಾಗುವುದು ಸಹಜ. ಒಳಗಿನ ಕಬ್ಬಿಣದ ಕೊಳವೆ ರಬ್ಬರಿನಿಂದ ಬಿಟ್ಟುಕೊಂಡು ಓಡಾಡಿದರೆ, ಬಿರುಕು ಆರಪಾರ ಹೋಗಿದ್ದರೆ ಬುಶ್ ಮುಗಿದಿದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡ ಮಾತ್ರಕ್ಕೆ ಬದಲಿಸಬೇಕಿಲ್ಲ. ನಮ್ಮ ಬಿಸಿಲಿಗೆ ಅದು ಬಂದೇ ಬರುತ್ತದೆ.

ಇದೇ ಹೊತ್ತಿನಲ್ಲಿ ಬಾಲ್ ಜಾಯಿಂಟ್, ಅಂದರೆ ಆರ್ಮ್ ತುದಿ ಚಕ್ರದ ಕಡೆಗೆ ಸೇರುವ ಗುಂಡಿನ ಕೀಲು, ನೋಡಿಬಿಡಿ. ಈ ಸ್ವಿಫ್ಟ್‌ನಲ್ಲಿ ಬಾಲ್ ಜಾಯಿಂಟ್ ಆರ್ಮ್‌ನ ಜೊತೆಗೇ ಬರುತ್ತದೆ. ಅದರ ರಬ್ಬರ್ ಟೋಪಿ ಹರಿದು ಮಣ್ಣು ಹೋಗಿದ್ದರೆ, ಕೈಯಲ್ಲಿ ಆಡಿಸಿದಾಗ ಸಡಿಲ ಅನಿಸಿದರೆ, ಬುಶ್ ಮಾತ್ರ ಬದಲಿಸುವ ಶ್ರಮ ವ್ಯರ್ಥ. ಪೂರ್ತಿ ಆರ್ಮ್ ತಂದು ಹಾಕುವುದೇ ಬುದ್ಧಿವಂತಿಕೆ. ಜಾಯಿಂಟ್ ಗಟ್ಟಿ ಇದ್ದರೆ ಮಾತ್ರ ಬುಶ್ ತನ್ನಿ. ಎರಡೂ ಬದಿಗೆ ಸೇರಿ ನಾಲ್ಕು ಬೇಕು: ಮುಂದಿನವು ಎರಡು ಸಣ್ಣವು, ಹಿಂದಿನವು ಎರಡು ದೊಡ್ಡವು. ಒಂದೇ ಬದಿ ಬದಲಿಸಿದರೆ ಹೊಸ ಗಟ್ಟಿ ಬುಶ್ ಒಂದು ಕಡೆ, ಹಳೆ ಮೆತ್ತನೆಯದು ಇನ್ನೊಂದು ಕಡೆ ಆಗಿ ಬ್ರೇಕಿನಲ್ಲಿ ಎಳೆತ ಉಳಿದೇ ಇರುತ್ತದೆ.

ಹಳೆ ಮಾರುತಿ 800, ಹಳೆ ಆಲ್ಟೊ ಇರುವವರಿಗೆ ಒಂದು ಮಾತು. ಅವುಗಳಲ್ಲಿ ಆರ್ಮ್‌ಗೆ ಒಳಗಡೆ ಒಂದೇ ಬುಶ್. ಆರ್ಮ್ ಹಿಂದೆ ಮುಂದೆ ಓಡದಂತೆ ಹಿಡಿಯುವುದು ಸ್ಟೆಬಿಲೈಸರ್ ಬಾರ್. ಅಲ್ಲಿ ಬ್ರೇಕಿನ ಎಳೆತಕ್ಕೆ ಬಾರ್ ತುದಿಯ ಬುಶ್, ಫ್ರೇಮಿನ ಬ್ರಾಕೆಟ್ ಬುಶ್ ಎರಡನ್ನೂ ಮೊದಲು ನೋಡಬೇಕು. ತುದಿಯ ವಾಷರ್ ಯಾವ ಮುಖ ಯಾವ ಕಡೆಗಿತ್ತೆಂದು ಬಿಚ್ಚುವ ಮುನ್ನವೇ ಫೋಟೊ ತೆಗೆದಿಡಿ.

ಸಾಮಾನು: 2 ಟನ್ ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಕೊಡಲು ಮರದ ತುಂಡು, 14, 17, 19ರ ಸಾಕೆಟ್, ಉದ್ದನೆಯ ಹಿಡಿ, ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತೆಂದು ತೋರಿಸುವ ಹಿಡಿ), ವರ್ನಿಯರ್ (ಸಣ್ಣ ಅಳತೆಯ ಸಾಧನ), ತುಕ್ಕು ಬಿಡಿಸುವ ಡಬ್ಲ್ಯೂಡಿ-40ರಂಥ ಎಣ್ಣೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ಹೋಗಬೇಡಿ. ಅವು ಬಿರುಕು ಬಿಡುವಾಗ ಮುನ್ಸೂಚನೆ ಕೊಡುವುದಿಲ್ಲ. ಜಾಕ್ ಒಂದನ್ನೇ ನಂಬುವುದೂ ಬೇಡ.

ಎರಡು ಅಳತೆ ತೆಗೆದುಕೊಳ್ಳಬೇಕು. ಮೊದಲನೆಯದು ಬಿಚ್ಚುವ ಮುನ್ನ. ಗಾಡಿ ಸಮತಟ್ಟು ನೆಲದ ಮೇಲೆ ನಾಲ್ಕು ಚಕ್ರದಲ್ಲಿ ನಿಂತಿರುವಾಗ, ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿಗೆ ಎಷ್ಟು ಮಿ.ಮೀ. ಎಂದು ಎರಡೂ ಬದಿ ಬರೆದಿಡಿ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಅಂಕಿ ಇದೇ. ಏಕೆಂದು ಮುಂದೆ ಬರುತ್ತದೆ. ಎರಡನೆಯದು, ಆರ್ಮ್ ಹೊರಗೆ ಬಂದ ಮೇಲೆ ಹಳೆ ಬುಶ್ಶಿನ ಕವಚ ಎರಡೂ ಬದಿ ಎಷ್ಟು ಹೊರಚಾಚಿದೆ ಎಂಬುದು. ಜೊತೆಗೆ ಹಿಂದಿನ ಬುಶ್ಶಿನ ರಬ್ಬರಿನಲ್ಲಿರುವ ಖಾಲಿ ಸೀಳು ಯಾವ ದಿಕ್ಕಿಗಿದೆ ನೋಡಿ, ಆರ್ಮ್ ಮೇಲೆ ಮೊಳೆಯಿಂದ ಗೀರಿ ಗುರುತು ಮಾಡಿ. ಆ ಸೀಳು ಸುಮ್ಮನೆ ಬಿಟ್ಟ ಜಾಗವಲ್ಲ. ಗುಂಡಿಯ ಏಟಿಗೆ ಚಕ್ರ ಕೂದಲಷ್ಟು ಹಿಂದೆ ಸರಿಯಲೆಂದು, ಪಕ್ಕಕ್ಕೆ ಮಾತ್ರ ಅಲುಗದಿರಲೆಂದು ಲೆಕ್ಕ ಹಾಕಿ ಮಾಡಿದ್ದು. ದಿಕ್ಕು ತಪ್ಪಿಸಿ ಕೂರಿಸಿದರೆ ಹೊಸ ಬುಶ್ ಸಹ ಬೇಗ ಹರಿಯುತ್ತದೆ. ಎಡ ಬಲ ಆರ್ಮ್‌ಗಳಲ್ಲಿ ಈ ದಿಕ್ಕು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು.

ಬಿಚ್ಚುವ ಕೆಲಸ ದೊಡ್ಡದಲ್ಲ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ಎಣ್ಣೆ ಬಿಡಿ. ಒಳನಾಡಿನ ಗಾಡಿಗಳಲ್ಲಿ ತುಕ್ಕಿನ ಕಾಟ ಕಡಿಮೆ. ಮಂಗಳೂರು, ಉಡುಪಿ ಕಡೆ ಓಡಿ ಬಂದ ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಬೋಲ್ಟ್ ಬುಶ್ಶಿನ ಒಳಕೊಳವೆಗೇ ಕಚ್ಚಿಕೊಂಡಿರಬಹುದು, ಹೊಸ ಬೋಲ್ಟ್ ತಂದಿಟ್ಟುಕೊಂಡೇ ಶುರು ಮಾಡಿ. ಚಕ್ರ ಬಿಚ್ಚಿ, ಬಾಲ್ ಜಾಯಿಂಟನ್ನು ಹಿಡಿದ ಪಿಂಚ್ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಿರಿ. ಜಾಯಿಂಟಿನ ಕಡ್ಡಿಯಲ್ಲಿರುವ ತೋಡಿನೊಳಗೆ ಈ ಬೋಲ್ಟ್ ಕೂತಿರುತ್ತದೆ, ಸಡಿಲ ಮಾಡಿದರೆ ಸಾಲದು. ಲಿಂಕ್ ರಾಡ್ ಆರ್ಮ್‌ಗೆ ಕಟ್ಟಿದ್ದರೆ ಅದನ್ನೂ ಬಿಚ್ಚಿ. ಆರ್ಮನ್ನು ಕೆಳಕ್ಕೆ ಮೀಟಿದರೆ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಬರದಿದ್ದರೆ ಜಾಯಿಂಟಿನ ಕಡ್ಡಿ ಕೂತ ಜಾಗದ ಸೀಳಿಗೆ ಉಳಿ ಇಟ್ಟು ಹಗುರವಾಗಿ ತಟ್ಟಿ ಅಗಲಿಸಿ. ಈಗ ಹಬ್ (ಚಕ್ರ ಕೂರುವ ಭಾಗ) ಸ್ವತಂತ್ರವಾಗಿ ತೂಗುತ್ತದೆ. ಅದನ್ನು ಹೊರಕ್ಕೆ ಎಳೆಯಬೇಡಿ: ಚಕ್ರ ತಿರುಗಿಸುವ ದಂಡವಾದ ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟಿನಿಂದ ಕಳಚಿಕೊಂಡರೆ ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ. ತಂತಿಯಿಂದ ಕಟ್ಟಿ ನಿಲ್ಲಿಸಿ, ಬ್ರೇಕ್ ಪೈಪಿನ ಮೇಲೆ ಭಾರ ಬೀಳದಿರಲಿ.

ಹಳೆ ಬುಶ್ ತೆಗೆಯುವುದು, ಹೊಸದು ಒತ್ತುವುದು ಮನೆಯಲ್ಲಿ ಸಾಧ್ಯ, ಆದರೆ ಸರಿಯಾದ ರಾಡ್ ಬೇಕು. ರಾಡ್ ಬುಶ್ಶಿನ ಒಳತೂತಿನ ಮೂಲಕ ಹೋಗಬೇಕಾದ್ದರಿಂದ ದಪ್ಪ ರಾಡ್ ಬಳಸುವಂತಿಲ್ಲ, 12 ಮಿ.ಮೀ. ಎಂದಿಟ್ಟುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಸಾದಾ ಥ್ರೆಡ್ ರಾಡ್ 4.6 ಗ್ರೇಡಿನದ್ದು, ಸುಮಾರು 2 ಟನ್ ಬಲಕ್ಕೇ ಹಿಗ್ಗಿ ಮರೆ (ಥ್ರೆಡ್) ಹಾಳಾಗುತ್ತದೆ. ಅದೇ ದಪ್ಪದ 10.9 ಗ್ರೇಡ್ ಸುಮಾರು 7 ಟನ್ ತಡೆಯುತ್ತದೆ. ರಾಡಿನ ಬದಲು ಉದ್ದನೆಯ ಬೋಲ್ಟ್ ತಂದರೆ ಗ್ರೇಡ್ ಅದರ ತಲೆಯ ಮೇಲೆ ಕೆತ್ತಿರುತ್ತದೆ, ನೋಡಿಯೇ ಕೊಳ್ಳಿ. ಮರೆಗೆ ಗ್ರೀಸ್ ಹಚ್ಚಿ. ಒಂದು ಬದಿಗೆ ಬುಶ್ ಕವಚಕ್ಕಿಂತ ಸ್ವಲ್ಪ ಅಗಲದ ಪೈಪಿನ ತುಂಡು, ಇನ್ನೊಂದು ಬದಿಗೆ ಕವಚದ ಅಂಚನ್ನಷ್ಟೇ ಒತ್ತುವ ತುಂಡು. ರಬ್ಬರ್ ಮೇಲೆ, ಒಳಕೊಳವೆ ಮೇಲೆ ಒತ್ತಿದರೆ ಕವಚ ಕದಲುವ ಮುನ್ನ ರಬ್ಬರಿನ ಬೆಸುಗೆ ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಕೆಲವೇ ತಿಂಗಳಲ್ಲಿ 'ಹೊಸ ಬುಶ್ ಕೈಕೊಟ್ಟಿತು' ಎಂಬ ದೂರು ಬರುತ್ತದೆ.

ಹೊಸ ಬುಶ್ಶನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಡುವ ಉಪಾಯ ಹಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: 40 ಮಿ.ಮೀ. ಅಗಲದ ಉಕ್ಕಿನ ಕವಚ 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದರೆ ಕುಗ್ಗುವುದು ಸುಮಾರು 0.02 ಮಿ.ಮೀ. ಮಾತ್ರ. ಮೊದಲ ಕೆಲವು ಮಿ.ಮೀ. ನೆಟ್ಟಗೆ ಕೂರಲು ಅಷ್ಟು ಸಾಕು, ಒತ್ತುವ ಬಲ ಮಾತ್ರ ಬೇಕೇ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಅಂಗಳದಲ್ಲಿ ಕೆಲಸ ಮಾಡಿದರೆ ಆ ಲಾಭವೂ ಬೇಗ ಕರಗುತ್ತದೆ. ಜಾರಲೆಂದು ಸೋಪಿನ ನೀರು ಹಚ್ಚಿ. ಗ್ರೀಸ್, ಎಂಜಿನ್ ಆಯಿಲ್ ಬೇಡ. ಹಳೆ ಕವಚ ಬರಲೇ ಇಲ್ಲವೆಂದರೆ ರಬ್ಬರ್ ಕೊರೆದು ತೆಗೆದು, ಕವಚವನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಆರ್ಮ್‌ನ ಲೋಹಕ್ಕೆ ಬ್ಲೇಡ್ ತಗುಲದ ಹಾಗೆ ಕೊನೆಯ ಎಳೆಯಲ್ಲಿ ನಿಲ್ಲಿಸಿ ಉಳಿಯಿಂದ ಒಳಕ್ಕೆ ಮಡಚಿ. ರಬ್ಬರಿಗೆ ಬೆಂಕಿ ಕೊಟ್ಟು ಸುಡುವ ರೂಢಿ ಖಂಡಿತ ಬಿಡಬೇಕು. ಹೊಗೆ ವಿಷ, ಆ ಕಾವಿಗೆ ಬಾಲ್ ಜಾಯಿಂಟಿನ ಟೋಪಿಯೂ ಬೆಂದುಹೋಗುತ್ತದೆ.

ರಾಡ್ ಹೊಂದಿಸುವ ಗೋಜು ಬೇಡವೆನ್ನುವವರಿಗೆ ಸುಲಭ ದಾರಿ ಇದೆ: ಆರ್ಮನ್ನು ಮನೆಯಲ್ಲೇ ಬಿಚ್ಚಿ, ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಹತ್ತು ನಿಮಿಷದ ಕೆಲಸ. 'ಕವಚದ ಮೇಲೇ ಒತ್ತಿರಣ್ಣ, ಈ ಗೀರಿಗೆ ಸೀಳು ಸರಿಹೊಂದಬೇಕು, ಇಷ್ಟೇ ಹೊರಚಾಚಬೇಕು' ಎಂದು ಹೇಳಿ, ಪಕ್ಕದಲ್ಲೇ ನಿಂತು ಮಾಡಿಸಿ. ನನ್ನ ಮಟ್ಟಿಗೆ ಇದೇ ಉತ್ತಮ ಹಂಚಿಕೆ.

ಈಗ ಆ ಮುಖ್ಯ ಸಂಗತಿ. ರಬ್ಬರ್ ಬುಶ್ ಬೇರಿಂಗಿನಂತೆ ತಿರುಗುವುದಿಲ್ಲ. ರಬ್ಬರ್ ಹೊರಕವಚಕ್ಕೂ ಒಳಕೊಳವೆಗೂ ಬೆಸೆದಿರುತ್ತದೆ. ಬೋಲ್ಟ್ ಬಿಗಿದಾಗ ಒಳಕೊಳವೆ ಫ್ರೇಮಿಗೆ ಗಟ್ಟಿಯಾಗಿ ಕಚ್ಚುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ತಿರುಚಿಕೊಳ್ಳುವುದು ರಬ್ಬರ್. ಚಕ್ರ ಗಾಳಿಯಲ್ಲಿ ಜೋತಿರುವಾಗ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಿಂತಾಗಲೂ ಹಾಗೇ ಉಳಿಯುತ್ತದೆ. ಅದರ ಮೇಲೆ ಪ್ರತಿ ಹಂಪಿನಲ್ಲೂ ಇನ್ನಷ್ಟು ತಿರುಚು. ಹರಿಯದೆ ಇನ್ನೇನಾಗುತ್ತದೆ? ಆದ್ದರಿಂದ ಬೋಲ್ಟುಗಳನ್ನು ಕೈಬಿಗಿ ಮಾಡಿ, ಜಾಕನ್ನು ಬಾಲ್ ಜಾಯಿಂಟಿನ ಬಳಿ ಆರ್ಮ್ ಅಡಿಗೆ ಇಟ್ಟು, ಬರೆದಿಟ್ಟ ಫೆಂಡರ್ ಅಳತೆ ಬರುವ ತನಕ ಎತ್ತಿ. ಅಳತೆ ಕೂಡಿದಾಗ, ಗಾಡಿ ಸ್ಟ್ಯಾಂಡಿನಿಂದ ಮೇಲೇಳದೆ ಇದ್ದರೆ, ಆಗಲೇ ಸರ್ವಿಸ್ ಮ್ಯಾನುಯಲ್‌ನಲ್ಲಿ ನಿಮ್ಮ ಗಾಡಿಗೆ ಕೊಟ್ಟಿರುವ ಟಾರ್ಕ್‌ಗೆ ಬಿಗಿಯಿರಿ. ಸ್ಟ್ಯಾಂಡಿನಿಂದ ಏಳುವಂತಿದ್ದರೆ ಚಕ್ರ ಹಾಕಿ ಗಾಡಿ ಇಳಿಸಿ, ರ್‍ಯಾಂಪ್ ಮೇಲೆ ಹತ್ತಿಸಿ ಬಿಗಿಯುವುದು ಸುರಕ್ಷಿತ. ಬೋಲ್ಟ್ ಅಡ್ಡವಾಗಿ ಹೋಗುವ ಬುಶ್‌ಗೆ ಈ ನಿಯಮ ಪ್ರಾಣದಷ್ಟು ಮುಖ್ಯ. ಬೋಲ್ಟ್ ಲಂಬವಾಗಿ ಹೋಗುವಲ್ಲಿ ತಿರುಚು ಕಡಿಮೆ, ಆದರೂ ಇದೇ ಕ್ರಮ ಪಾಲಿಸಿದರೆ ನಷ್ಟವೇನಿಲ್ಲ.

ಇನ್ನು ಮೂರರ ಬಾಳಿಕೆ. ಅಗ್ಗದ ರಬ್ಬರ್ ಬುಶ್ ನೋಡಲು ಹೊಳೆಯುತ್ತದೆ, ಸೋಲುವುದು ಬೆಸುಗೆಯಲ್ಲಿ. ಇಷ್ಟೆಲ್ಲ ಜಾಗ್ರತೆಯಿಂದ ಕೂರಿಸಿದ್ದರೂ ಮಳೆಗಾಲ ಮುಗಿಯುವಷ್ಟರಲ್ಲಿ ರಬ್ಬರ್ ಒಳಕೊಳವೆಯಿಂದ ಬಿಟ್ಟಿತು. ಪಾಲಿಯುರೇಥೇನ್ ಮೊದಲ ವಾರ ಮನಸ್ಸು ಗೆಲ್ಲುತ್ತದೆ, ಸ್ಟೀರಿಂಗ್ ಚುರುಕು, ಬ್ರೇಕಿನಲ್ಲಿ ಗಾಡಿ ನೇರ. ಆದರೆ ಅದು ಬೆಸೆದ ಬುಶ್ ಅಲ್ಲ, ಒಳಕೊಳವೆಯ ಸುತ್ತ ತಿರುಗುವಂಥದ್ದು, ಗ್ರೀಸ್ ಇದ್ದಷ್ಟು ದಿನ ಮಾತ್ರ ಸುಖ. ಜಗಳೂರು ದಾರಿಯ ದೂಳು ಒಳಸೇರಿತು, ವಾಟರ್ ಸರ್ವಿಸ್‌ನ ಒತ್ತಡದ ನೀರು ಗ್ರೀಸ್ ತೊಳೆಯಿತು, ಬೇಸಿಗೆಗೆ ಕಿರ್ ಕಿರ್ ಶುರು. ಪ್ರತಿ ಸಲ ಆರ್ಮ್ ಬಿಚ್ಚಿ ಸಿಲಿಕೋನ್ ಗ್ರೀಸ್ ತುಂಬಬೇಕು. ಅದರ ಗಡಸುತನದಿಂದ ರಸ್ತೆಯ ಪ್ರತಿ ಏಟೂ ಕ್ಯಾಬಿನ್‌ಗೆ ಬರುತ್ತದೆ, ಹಿಂದೆ ಕೂತ ವಯಸ್ಸಾದವರು ಮೊದಲು ಹೇಳುತ್ತಾರೆ. ಟಾರು ರಸ್ತೆಯಲ್ಲೇ ಓಡಿಸುವ, ಚುರುಕು ಬಯಸುವ ಒಬ್ಬಂಟಿ ಚಾಲಕನಿಗೆ ಸರಿಹೋದೀತು. ಕಂಪನಿ ರಬ್ಬರ್ ಇವತ್ತಿಗೂ ಸದ್ದಿಲ್ಲದೆ ಕೂತಿದೆ. ಮೇಲ್ಮೈ ಬಿರುಕು ಕಂಡಿದೆ, ಒಳಕೊಳವೆ ಕದಲಿಲ್ಲ.

ರಬ್ಬರ್ ಬುಶ್‌ಗೆ ದೊಡ್ಡ ಶತ್ರು ಗುಂಡಿಗಿಂತ ಎಣ್ಣೆ. ವಾಟರ್ ಸರ್ವಿಸ್ ಆದ ಮೇಲೆ 'ಅಡಿಗೆ ಆಯಿಲ್ ಹೊಡೀಲಾ ಸಾರ್' ಎಂದು ಕೇಳಿದರೆ ಬೇಡ ಎನ್ನಿ. ಡೀಸೆಲ್, ಹಳೆ ಎಂಜಿನ್ ಆಯಿಲ್ ತಾಗಿದ ರಬ್ಬರ್ ಊದಿಕೊಂಡು ಮೆತ್ತಗಾಗಿ ಬೆಸುಗೆ ಬಿಡುತ್ತದೆ. ಗೇರ್‌ಬಾಕ್ಸ್ ಸೀಲಿನಿಂದ ಬುಶ್ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಮೊದಲು ಸೀಲ್ ಬದಲಿಸಿ, ಆಮೇಲೆ ಬುಶ್.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಆರ್ಮ್ ಬಿಚ್ಚಿ ಕೂರಿಸಿದಾಗ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಬದಲಾಗಿರಬಹುದು. ಸುಮಾರು 500 ಕಿ.ಮೀ. ಓಡಿದ ಮೇಲೆ ಬೋಲ್ಟುಗಳ ಟಾರ್ಕ್ ಮತ್ತೊಮ್ಮೆ ನೋಡಿ. ಹಿಂದಿನ ಆಕ್ಸಲ್ ಬುಶ್‌ಗಳನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ: ಇಡೀ ಬೀಮ್ ಇಳಿಸಬೇಕು, ಬ್ರೇಕ್ ಪೈಪ್ ಬಿಚ್ಚಿ ಗಾಳಿ ತೆಗೆಯಬೇಕು. ಅದು ಲಿಫ್ಟ್ ಇರುವ ಗ್ಯಾರೇಜಿನ ಕೆಲಸ.